ಒದ್ದೆ ಗೋಡೆ, ಗಂಜಿ ಬಟ್ಟೆ

ಮನೆ, ಹಜಾರದ ಮೇಜಿನಿಂದ
ಗುರುವಾರ, ಹನ್ನೆರಡನೇ ತಾರೀಕು, ಮಧ್ಯಾಹ್ನ

ಪ್ರೀತಿಯ ಸೊಸೆಗೆ,

ಮೇಲಿನ ಎರಡು ಪದ ನೋಡಿ ಹುಬ್ಬೇರಿಸಬೇಡ. ಯೋಚನೆ ಮಾಡಿಯೇ ಬರೆದದ್ದು. ಮೊದಲು ನಿನ್ನ ಆರೋಗ್ಯದ ವಿಷಯ ಹೇಳು. ಬಿಸಿಲಲ್ಲಿ ನಿಂತು ಕಟ್ಟಡದ ಅಳತೆ ತೆಗೆದ ದಿನವೆಲ್ಲ ನಿನಗೆ ತಲೆನೋವು ಬರುತ್ತಿತ್ತು, ಈಗಲೂ ಬರುತ್ತದೆಯೇ? ನಕ್ಷೆಯ ಮುಂದೆ ಕೊಕ್ಕರೆಯ ಹಾಗೆ ಕತ್ತು ಬಗ್ಗಿಸಿ ಕೂರುವ ಅಭ್ಯಾಸ ಬಿಟ್ಟೆಯೋ ಇಲ್ಲವೋ? ಹೊತ್ತಿಗೆ ಸರಿಯಾಗಿ ಊಟ ಮಾಡುತ್ತೀ ತಾನೆ? ನಿನ್ನ ಗಂಡನನ್ನು ಕೇಳಿದರೆ ಎಲ್ಲಕ್ಕೂ ‘ಚೆನ್ನಾಗಿದ್ದಾಳಮ್ಮ’ ಎನ್ನುತ್ತಾನೆ. ಅವನ ಲೆಕ್ಕದಲ್ಲಿ ಆಸ್ಪತ್ರೆಯಲ್ಲಿ ಮಲಗಿದವರೂ ಚೆನ್ನಾಗಿಯೇ ಇರುತ್ತಾರೆ. ನಾವಿಬ್ಬರೂ ಇಲ್ಲಿ ಗಟ್ಟಿಯಾಗಿದ್ದೇವೆ. ನನ್ನ ಮಂಡಿ ಮಾತ್ರ ಮೆಟ್ಟಿಲು ಕಂಡರೆ ಗೊಣಗುತ್ತದೆ. ಅದಕ್ಕೆ ಕಾರಣವನ್ನು ಮುಂದೆ ಬರೆಯುತ್ತೇನೆ. ಫೋನ್ ಮಾಡಬಹುದಿತ್ತಲ್ಲ ಎನ್ನಬೇಡ. ಫೋನಿನಲ್ಲಿ ನೀನು ‘ಹೂಂ ಅತ್ತೆ, ಸರಿ ಅತ್ತೆ’ ಎಂದು ಎರಡೇ ಮಾತಿನಲ್ಲಿ ನನ್ನ ಬಾಯಿ ಕಟ್ಟಿಬಿಡುತ್ತೀ. ಪತ್ರವನ್ನಾದರೆ ಕೊನೆಯವರೆಗೆ ಓದಲೇಬೇಕು. ಶನಿವಾರ ನಿನ್ನ ಗಂಡ ಅಲ್ಲಿಗೆ ಬರುತ್ತಾನಲ್ಲ, ಅವನ ಚೀಲದಲ್ಲೇ ಕಳಿಸುತ್ತೇನೆ. ದಾರಿಯಲ್ಲಿ ಓದದಿರಲಿ ಎಂದು ಲಕೋಟೆಯ ನಾಲ್ಕೂ ಅಂಚಿಗೆ ಅಂಟು ಬಳಿಯುತ್ತೇನೆ.

ಅವನು ಯಾಕೆ ಬರುತ್ತಿದ್ದಾನೆ ಎಂಬುದು ನನಗೆ ಗೊತ್ತು. ಮೂರು ತಿಂಗಳಿಗೆಂದು ನಿನ್ನನ್ನು ಆ ಊರಿಗೆ ಕಳಿಸಿದ ಆಫೀಸಿನವರು ಈಗ ಅಲ್ಲೇ ಖಾಯಂ ಆಗಿ ಇರುತ್ತೀರಾ ಎಂದು ಕೇಳಿದ್ದಾರೆ, ಸೋಮವಾರ ನೀನು ಉತ್ತರ ಕೊಡಬೇಕು, ಹೂಂ ಎಂದರೆ ಅವನೂ ಅಲ್ಲೇ ಕೆಲಸ ಹುಡುಕಿ ನೀವಿಬ್ಬರೂ ಅಲ್ಲೇ ಮನೆ ಮಾಡುತ್ತೀರಿ. ಇದನ್ನೆಲ್ಲ ಅವನು ನನಗೆ ಹೇಳಿದ್ದು ಊಟದ ತಟ್ಟೆ ನೋಡಿಕೊಂಡು, ತಟ್ಟೆಗೇ ಹೇಳಿದ ಹಾಗೆ. ನಾನು ಇನ್ನೊಂದು ಸೌಟು ಸಾರು ಬಡಿಸಿದೆ. ಆದರೆ ಸೋಮವಾರಕ್ಕೆ ಮುಂಚೆ ನಿನಗೆ ಒಂದು ವಿಷಯ ತಿಳಿಯಬೇಕು, ಅದಕ್ಕೇ ಈ ಪತ್ರ. ನಿನ್ನ ಕೋಣೆಯ ಗೋಡೆ ಯಾಕೆ ಒದ್ದೆಯಾಗುತ್ತಿತ್ತು ಎಂಬುದನ್ನು ನಾನು ಕಂಡುಹಿಡಿದೆ. ಪ್ಲಂಬರ್ ಅಲ್ಲ, ನಿನ್ನ ಗಂಡನೂ ಅಲ್ಲ, ನಾನು! ಅರವತ್ತೆಂಟನೇ ವಯಸ್ಸಿನಲ್ಲಿ ಇದು ಸಣ್ಣ ಮಾತಲ್ಲ, ಆದ್ದರಿಂದ ಸ್ವಲ್ಪ ವಿಸ್ತಾರವಾಗಿಯೇ ಹೇಳುತ್ತೇನೆ.

ಐದು ತಿಂಗಳ ಹಿಂದೆ ನಿನ್ನ ಮಂಚದ ತಲೆಗಡೆ, ನೆಲದ ಹತ್ತಿರ, ಅಂಗೈ ಅಗಲದ ಕಲೆ ಕಾಣಿಸಿತಲ್ಲ, ಆಗ ನಾನು ಕ್ಷಣವೂ ಯೋಚಿಸದೆ ಕಿಟಕಿಯ ಕಟ್ಟೆಯ ಮೇಲಿದ್ದ ನಿನ್ನ ಹನ್ನೊಂದು ಹೂಕುಂಡಗಳ ಕಡೆ ಬೆರಳು ತೋರಿಸಿದೆ. ‘ಕಾಡು ಬೆಳೆಸಿದ್ರೆ ಕೆಸರಾಗದೆ ಇನ್ನೇನಾಗುತ್ತೆ’ ಎಂದಿದ್ದೆ. ನೀನು ಆ ಸಂಜೆಯೇ ಹನ್ನೊಂದನ್ನೂ ಒಂದೊಂದಾಗಿ ಎತ್ತಿಕೊಂಡು ಹೋಗಿ ಪಕ್ಕದ ಮನೆಯ ಟೀಚರಿಗೆ ಕೊಟ್ಟು ಬಂದೆ. ಕಲೆ ಹೋಗಲಿಲ್ಲ. ಆಮೇಲೆ ನಿನ್ನ ಕೋಣೆಯ ನೆತ್ತಿಗಿರುವ ಮಹಡಿಯ ಬಚ್ಚಲಿನಲ್ಲಿ ನೀನು ಗಂಟೆಗಟ್ಟಲೆ ಸ್ನಾನ ಮಾಡುತ್ತೀ ಎಂದೆ. ನೀನು ಕೆಳಗಿನ ಬಚ್ಚಲಿಗೆ ಬಂದು ಒಂದು ಬಕೆಟ್ಟಿನಲ್ಲಿ ಮುಗಿಸತೊಡಗಿದೆ. ಕಲೆ ದಿಂಬಿನಷ್ಟಾಯಿತು. ‘ಅತ್ತೆ, ಹಜಾರದ ಕಡೆಯಿಂದಲೂ ಒಮ್ಮೆ ಗೋಡೆ ನೋಡಿಸೋಣ’ ಎಂದು ನೀನು ಹೇಳಿದಾಗ, ಹಜಾರದ ಗೋಡೆ ಕನ್ನಡಿಯ ಹಾಗಿದೆ, ಅದನ್ನು ಮುಟ್ಟಬೇಡ ಎಂದು ನಾನೇ ತಡೆದೆ. ಹೊಸ ಪೈಪ್ ಹಾಕಿಸಿದಾಗಲೇ ಅದರ ನಕ್ಷೆಯೊಂದನ್ನು ಬರೆದಿಟ್ಟಿದ್ದೆ, ಎಲ್ಲಿ ಹೋಯಿತೋ ಎಂದು ನೀನು ಎರಡು ದಿನ ಮನೆಯೆಲ್ಲ ತಡಕಾಡಿದೆ. ನಾನು ಕಂಡಿಲ್ಲ ಎಂದೆ. ಅದಾದ ಮೇಲೆ ಒಂದು ಬೆಳಿಗ್ಗೆ, ಮಂಚ ಸರಿಸಿ ನೆಲ ಒರೆಸುತ್ತಿದ್ದ ನಾನು ಬಟ್ಟೆ ಹಿಂಡುತ್ತಾ ಆ ಮಾತು ಆಡಿದೆ. ‘ನೀನು ಬಂದ ಮೇಲೆ ಈ ಮನೆ ಒಣಗಿದ್ದೇ ಇಲ್ಲ.’ ನೀನು ಬಾಗಿಲಲ್ಲಿ ಚಪ್ಪಲಿ ಹಾಕಿಕೊಳ್ಳುತ್ತಿದ್ದೆ. ಬಗ್ಗಿದ್ದವಳು ಹಾಗೇ ಸ್ವಲ್ಪ ಹೊತ್ತು ಬಗ್ಗಿಯೇ ಇದ್ದೆ. ನನಗೆ ಅದು ಕಂಡಿತ್ತು. ಕಂಡರೂ ನಾನು ಬಟ್ಟೆ ಹಿಂಡುತ್ತಲೇ ಇದ್ದೆ. ವಾರ ಕಳೆಯುವಷ್ಟರಲ್ಲಿ ನೀನು ಆ ಊರಿಗೆ ಹೊರಟುನಿಂತೆ.

ನೀನು ಹೋಗಿ ಹನ್ನೊಂದು ವಾರ. ಮೊದಲ ವಾರ ಕಲೆ ಒಣಗುತ್ತದೆ ಎಂದು ಕಾದೆ. ಎರಡನೆಯ ವಾರವೂ ಕಾದೆ. ಗಿಡವಿಲ್ಲ, ಮಹಡಿಯಲ್ಲಿ ಸ್ನಾನವಿಲ್ಲ, ಒದ್ದೆ ಟವೆಲ್ ಇಲ್ಲ. ನೀನು ಹೋದೆ, ಒದ್ದೆ ಹೋಗಲಿಲ್ಲ. ಒಂದು ತಿಂಗಳಲ್ಲಿ ಕಲೆ ಮಂಚಕ್ಕಿಂತ ಮೇಲೆ ಹತ್ತಿತು, ಸುಣ್ಣ ಹಪ್ಪಳದಂತೆ ಎದ್ದು ಉದುರತೊಡಗಿತು.  ಇಪ್ಪತ್ತೆಂಟು ವರ್ಷ ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗವನ್ನು ನಡೆಸಿದವಳು ನಾನು. ದಿನಕ್ಕೆ ನಾನೂರು ಹಾಸುಬಟ್ಟೆ ನನ್ನ ಕೈ ದಾಟಿ ಹೋಗುತ್ತಿದ್ದವು. ಬಟ್ಟೆ ಒದ್ದೆಯೋ, ಬರೀ ತಣ್ಣಗಿದೆಯೋ ಎಂಬುದನ್ನು ಕೆನ್ನೆಗೆ ತಾಗಿಸಿದರೆ ಸಾಕು, ಹೇಳಿಬಿಡುತ್ತಿದ್ದೆ. ಅಂಥವಳಿಗೆ ಸ್ವಂತ ಮನೆಯ ಒಂದು ಗೋಡೆ ಯಾಕೆ ಒದ್ದೆ ಎಂದು ತಿಳಿಯಲಿಲ್ಲವೆಂದರೆ ಏನು ಬಂತು? ಸೀರೆ ಎತ್ತಿ ಕಟ್ಟಿದೆ.

ಮೊದಲು ಪ್ಲಂಬರನ್ನು ಕರೆಸಿದೆ. ಅದೇ ನಮ್ಮ ‘ಆಗೋಯ್ತು.’ ಚೀಲ ಕೆಳಗಿಡುವ ಮುಂಚೆಯೇ ‘ಆಗೋಯ್ತು ಬಿಡಿ ಅಮ್ಮ’ ಎನ್ನುತ್ತಾನಲ್ಲ, ಅವನೇ. ಗೋಡೆಯೊಳಗಿನ ಪೈಪ್ ನೋಡಪ್ಪ ಎಂದರೆ ಎದೆ ಸೆಟೆಸಿ, ‘ಅದು ನನ್ನ ಕೈಕೆಲಸ ಅಮ್ಮ, ಎರಡೇ ವರ್ಷ ಆಗಿರೋದು, ಹನಿ ಆಚೆ ಬರಲ್ಲ’ ಎಂದ. ನೇರ ಮಹಡಿಗೆ ಹೋಗಿ ಬಚ್ಚಲಿನ ನಾಲ್ಕು ಟೈಲ್ಸ್ ಒಡೆದ. ಕೆಳಗೆ ಖಾರದ ಪುಡಿಯ ಹಾಗೆ ಒಣಗಿದ ಮಣ್ಣು. ತಲೆ ಕೆರೆದುಕೊಂಡು, ಬಚ್ಚಲಿನ ನೀರು ಹೊರಗೆ ಹೋಗುವ ದಾರಿಯಲ್ಲೇ ಎಲ್ಲೋ ಬಿರುಕಿದೆ ಎಂದು ಇನ್ನೂ ನಾಲ್ಕಕ್ಕೆ ಸುತ್ತಿಗೆ ಎತ್ತಿದ. ನಾನು ಕೈ ಹಿಡಿದು ನಿಲ್ಲಿಸಿದೆ. ಬಿಳಿ ಬಟ್ಟೆಗೆ ಹಾಕುವ ನೀಲಿ ಇತ್ತಲ್ಲ, ಒಂದು ಡಬ್ಬಿ ಪೂರ್ತಿ ಬಕೆಟ್ಟಿನಲ್ಲಿ ಕಲಸಿ ಬಚ್ಚಲಿನ ತೂತಿಗೆ ಸುರಿದೆ. ಬಿರುಕಿದ್ದರೆ ನಿನ್ನ ಗೋಡೆ ನೀಲಿಯಾಗಬೇಕು. ಮೂರು ದಿನ ಮೆಟ್ಟಿಲು ಹತ್ತಿ ಇಳಿದು ಸುರಿದೆ, ಮಂಡಿ ಹಿಡಿದುಕೊಂಡದ್ದು ಆಗಲೇ. ಗೋಡೆ ನೀಲಿಯಾಗಲಿಲ್ಲ. ಹಿತ್ತಲಿನ ಮೋರಿ ಮಾತ್ರ ಆಕಾಶದ ಬಣ್ಣಕ್ಕೆ ತಿರುಗಿ, ಪಕ್ಕದ ಟೀಚರು ಹೆದರಿ ಓಡಿಬಂದರು. ಅಂತೂ ನಿನ್ನ ಸ್ನಾನದ ಮೇಲಿದ್ದ ಆರೋಪ ಅಲ್ಲಿಗೆ ಬಿದ್ದುಹೋಯಿತು. ಮನೆಖರ್ಚಿನ ಲೆಕ್ಕದ ಪುಸ್ತಕದ ಅಂಚಿನಲ್ಲಿ ತಾರೀಕು ಹಾಕಿ ‘ಬಚ್ಚಲು ನಿರಪರಾಧಿ’ ಎಂದು ಬರೆದಿಟ್ಟಿದ್ದೇನೆ, ಬಂದಾಗ ತೋರಿಸುತ್ತೇನೆ.

ನಂತರ ಮನೆಯ ನಲ್ಲಿಗಳನ್ನೆಲ್ಲ ಬಿಗಿಯಾಗಿ ತಿರುಗಿಸಿ, ನಿನ್ನ ಗಂಡನನ್ನು ನೀರಿನ ಮೀಟರಿನ ಮುಂದೆ ಕುಕ್ಕರಗಾಲಿನಲ್ಲಿ ಕೂರಿಸಿದೆ. ‘ಏನೂ ಇಲ್ಲಮ್ಮ’ ಎಂದ. ಕನ್ನಡಕ ಹಾಕಿಕೊಂಡು ನೋಡು ಎಂದೆ. ಆಮೇಲೆ ನೋಡಿದರೆ ಮೀಟರಿನೊಳಗಿನ ಪುಟ್ಟ ಕೆಂಪು ಚಕ್ರ, ಸೋಮಾರಿ ಮಗು ಎದ್ದು ಬರುವ ಹಾಗೆ, ಆಗಾಗ ಒಂದು ಚೂರು ಜರುಗುತ್ತಿತ್ತು. ಅಂದರೆ ನಲ್ಲಿ ಮುಚ್ಚಿದ್ದರೂ ನೀರು ಎಲ್ಲಿಗೋ ಹೋಗುತ್ತಿದೆ. ಅಂದರೆ ಮನೆಯೊಳಗೆ ಬರುವ ಪೈಪಿನಲ್ಲೇ ತೂತಿದೆ. ಆಗೋಯ್ತುವಿಗೆ ಹೇಳಿದರೆ, ಹಾಗಾದರೆ ಗೋಡೆಯನ್ನು ಕೆಳಗಿನಿಂದ ಮೇಲಿನವರೆಗೂ ಸೀಳಿಬಿಡೋಣ ಎಂದ. ಬೆನ್ನು ನೋಯುತ್ತದೆ ಎಂದವನ ಮೈಯನ್ನು ಯಾರಾದರೂ ತಲೆಯಿಂದ ಕಾಲಿನವರೆಗೆ ಕೊಯ್ಯುತ್ತಾರೆಯೇ? ಎರಡು ದಿನ ಕೊಡಪ್ಪ, ಜಾಗ ನಾನು ತೋರಿಸುತ್ತೇನೆ ಎಂದೆ. ಅವನು ಮೀಸೆಯಡಿಯಲ್ಲಿ ನಕ್ಕದ್ದು ನನಗೆ ಕಂಡಿತು.

ಈಗ ನನ್ನ ವಿದ್ಯೆ ಕೇಳು. ಗಂಜಿ ಹಾಕಿ ಇಸ್ತ್ರಿ ಮಾಡಿದ ಬಟ್ಟೆ ಸುಳ್ಳು ಹೇಳುವುದಿಲ್ಲ. ಕಣ್ಣಿಗೆ ಕಾಣದಷ್ಟು ತೇವ ತಾಗಿದರೂ ಅದರ ಗತ್ತು ಇಳಿದು ಜೋತುಬೀಳುತ್ತದೆ. ಆಸ್ಪತ್ರೆಯ ಉಗ್ರಾಣದಲ್ಲಿ ಯಾವ ಮೂಲೆಗೆ ತೇವ ಬರುತ್ತದೆ ಎಂದು ಹುಡುಕಲು ನಾವು ಹೀಗೇ ಮಾಡುತ್ತಿದ್ದೆವು. ಹಳೆಯ ಹಾಸುಬಟ್ಟೆಯೊಂದನ್ನು ಕರ್ಚೀಫಿನಷ್ಟು ಇಪ್ಪತ್ತನಾಲ್ಕು ತುಂಡು ಮಾಡಿ, ಗಟ್ಟಿ ಗಂಜಿಯಲ್ಲಿ ಅದ್ದಿ ಒಣಗಿಸಿ, ರಟ್ಟಿನ ಹಾಗೆ ಇಸ್ತ್ರಿ ಮಾಡಿ, ಒಂದೊಂದಕ್ಕೂ ಅಂಕೆ ಬರೆದು, ನಿನ್ನ ಕೋಣೆಯ ಗೋಡೆಗೆ ಸಾಲಾಗಿ ಗುಂಡುಸೂಜಿಯಿಂದ ಚುಚ್ಚಿದೆ. ಅಗಲಕ್ಕೆ ನಾಲ್ಕು, ಎತ್ತರಕ್ಕೆ ಆರು, ಅಂಕೆ ಮೇಲಿನಿಂದ ಶುರು. ನಿನ್ನ ಗಂಡ ಬಾಗಿಲಲ್ಲಿ ನಿಂತು, ‘ಅಮ್ಮ, ಇದು ಮನೆಯೋ ಪರೀಕ್ಷೆಯ ಹಾಲೋ’ ಎಂದ. ಬಾಯಿ ಮುಚ್ಚಿಕೊಂಡು ಏಣಿ ಹಿಡಿ ಎಂದೆ. ಮಾರನೆಯ ದಿನ ಮಧ್ಯಾಹ್ನ ಒಂದೊಂದನ್ನೂ ಬಿಚ್ಚಿ ಕೆನ್ನೆಗೆ ಒತ್ತಿ ನೋಡಿದೆ. ಮೇಲಿನ ಎರಡು ಸಾಲು ಸೆಟೆದು ನಿಂತಿದ್ದವು, ಎಂಟಕ್ಕೆ ಎಂಟೂ. ಅಂದರೆ ನೀರು ಮಹಡಿಯಿಂದ ಇಳಿಯುತ್ತಿಲ್ಲ. ಕೆಳಗಿನ ಸಾಲುಗಳಲ್ಲಿ ನಡುವಿನವು ಬಾಡಿದ ಸೊಪ್ಪಿನಂತೆ ಜೋತಿದ್ದವು, ಮೇಲೆ ಹೋದಂತೆ ಆ ಜೋತ ಜಾಗ ಕಿರಿದಾಗುತ್ತಾ ಹೋಗಿ ಹತ್ತನೆಯ ನಂಬರಿನಲ್ಲಿ ನಿಂತಿತ್ತು. ನೀರು ಗೋಡೆಗೆ ಇಳಿಯುತ್ತಿರುವುದು ಆ ಹತ್ತನೆಯ ನಂಬರಿನ ಹಿಂದೆ, ಸರಿಯಾಗಿ ನನ್ನ ತಲೆಯ ಎತ್ತರಕ್ಕೆ. ಆ ಕ್ಷಣದ ನನ್ನ ಜಂಬವನ್ನು ನೀನು ನೋಡಬೇಕಿತ್ತು. ಕೋಣೆಯಲ್ಲಿ ಯಾರೂ ಇರಲಿಲ್ಲ, ಆದರೂ ಗಟ್ಟಿಯಾಗಿ ‘ಸಿಕ್ಕಿಬಿದ್ದೆಯಾ’ ಎಂದೆ.

ಬಾಗಿಲ ಚೌಕಟ್ಟಿನಿಂದ ಎಷ್ಟು ದೂರ, ನೆಲದಿಂದ ಎಷ್ಟು ಎತ್ತರ ಎಂದು ಟೇಪು ಹಿಡಿದು ಅಳೆದೆ. ನೀನು ಅಳೆಯುವುದನ್ನು ನೋಡಿ ಕಲಿತದ್ದು, ಒಪ್ಪಿಕೊಳ್ಳುತ್ತೇನೆ. ಅದೇ ಅಳತೆಯನ್ನು ಗೋಡೆಯ ಆಚೆ ಬದಿಗೆ, ಹಜಾರದಲ್ಲಿ ಹಿಡಿದೆ. ಟೇಪಿನ ತುದಿ ನನ್ನ ಫೋಟೋದ ಮೇಲೆ ಹೋಗಿ ನಿಂತಿತು. ನಾನು ಕೆಲಸದಿಂದ ನಿವೃತ್ತಳಾದ ದಿನ ವಿಭಾಗದ ಮೂವತ್ತೊಂದು ಜನರ ಜೊತೆ ತೆಗೆಸಿದ್ದು, ಬಾಗಿಲು ತೆರೆದವರಿಗೆಲ್ಲ ಮೊದಲು ಕಾಣಬೇಕೆಂದು ಹಟ ಹಿಡಿದು ಹಾಕಿದ್ದು, ಅದೇ ಫೋಟೋ. ನಾನು ಟೇಪನ್ನು ಸುರುಳಿ ಸುತ್ತಿ ಇನ್ನೊಮ್ಮೆ ಅಳೆದೆ. ಮತ್ತೆ ಅಲ್ಲಿಗೇ ಬಂತು.  ಫೋಟೋವನ್ನು ಎತ್ತಿ ಇಳಿಸಿದೆ. ಹಿಂದಿನ ತಂತಿ ತುಕ್ಕು ಹಿಡಿದು ಪುಡಿಪುಡಿ. ಗೋಡೆಯಲ್ಲಿ ಆ ದಪ್ಪ ಮೊಳೆ, ಮೊಳೆಯ ತಲೆಯ ಮೇಲೆ ಒಂದು ಹನಿ. ನೋಡುತ್ತಿದ್ದ ಹಾಗೆ ಅದು ಇಳಿದುಹೋಯಿತು, ಇನ್ನೊಂದು ಬಂದು ಕೂತಿತು. ಫೋಟೋದ ಕೆಳಗೆ ಸಣ್ಣ ಕಂದು ಗೆರೆಯೊಂದು ಇಳಿಯುತ್ತಿತ್ತು, ಅದನ್ನು ನಾನು ಧೂಳೆಂದುಕೊಂಡು ಪ್ರತಿ ಸೋಮವಾರ ಒರೆಸುತ್ತಿದ್ದೆ. ಐದು ತಿಂಗಳು ಕಳ್ಳನ ಹೆಜ್ಜೆಗುರುತನ್ನು ನಾನೇ ಅಳಿಸುತ್ತಿದ್ದೆ. ಹಜಾರಕ್ಕೆ ಎಣ್ಣೆ ಬಣ್ಣವೇ ಆಗಬೇಕು, ಒರೆಸಲು ಸುಲಭ ಎಂದವಳೂ ನಾನೇ. ಆ ಬಣ್ಣ ತೇವವನ್ನು ಈಚೆಗೆ ಬಿಡದೆ ಪೂರ್ತಿ ನಿನ್ನ ಕೋಣೆಯ ಕಡೆಗೆ ತಳ್ಳಿತ್ತು.

ಬುಧವಾರ, ಅಂದರೆ ನಿನ್ನೆ, ಆಗೋಯ್ತು ಬಂದ. ನೀರು ನಿಲ್ಲಿಸಿ ಕೀಳಪ್ಪ ಎಂದರೆ ‘ಆಗೋಯ್ತು’ ಎಂದು ಇಕ್ಕಳ ಹಾಕಿ ಎಳೆದೇಬಿಟ್ಟ. ಚಿಮ್ಮಿದ ನೀರು ಅವನ ಮೀಸೆಯಿಂದ ಜೇಬಿನ ಬೀಡಿಯವರೆಗೆ ಎಲ್ಲವನ್ನೂ ತೋಯಿಸಿತು. ನೀರು ನಿಲ್ಲಿಸಿ ಬಂದು ಮೊಳೆಯನ್ನು ತಿರುಗಿಸಿ ನೋಡಿ ಹೇಳಿದ, ಈ ಮೊಳೆ ಪೈಪಿಗೆ ತೂತು ಮಾಡಿ ತಾನೇ ಬಿರಡೆಯಾಗಿ ಕೂತಿತ್ತಂತೆ, ತುಕ್ಕು ತಿಂದು ಸವೆದ ಮೇಲೆ ಸೋರಲು ಶುರುವಾಯಿತಂತೆ. ಆಮೇಲೆ ಕೇಳಿದ, ‘ಯಾರಮ್ಮ ಹೊಡೆದಿದ್ದು? ನಾನು ಬೇಕೂಂತ ಹೊಡೆದ್ರೂ ಪೈಪಿನ ನಡುಮಧ್ಯಕ್ಕೆ ಹೀಗೆ ಬೀಳಲ್ಲ.’ ನನ್ನ ಬಾಯಿಂದ ಏನು ಬಂತು ಗೊತ್ತೇ? ‘ಯಾರೋ, ಹಳೇ ಕಾಲದ್ದು.’ ಅವನು ಮುಖ ಒರೆಸಿಕೊಳ್ಳುತ್ತಾ, ‘ಹಳೇ ಕಾಲ ಎಲ್ಲಿಂದ ಬಂತಮ್ಮ, ಪೈಪ್ ಹಾಕಿದ್ದೇ ನಾನು, ಎರಡು ವರ್ಷದ ಕೆಳಗೆ’ ಎಂದ. ನಿನ್ನ ಗಂಡ ಸೂರಿನ ಕಡೆ ನೋಡುತ್ತಾ ನಿಂತ. ಅವನಿಗೆ ಎಲ್ಲ ನೆನಪಿತ್ತು. ಪೈಪು, ಬಣ್ಣ ಎಲ್ಲ ಮುಗಿದ ಮೇಲೆ ನಾನು ಸುತ್ತಿಗೆ ಎತ್ತಿದ ದಿನ ಫೋಟೋ ಹಿಡಿದು ನಿಂತವನು ಅವನೇ ಅಲ್ಲವೇ? ನೀನು ‘ಅತ್ತೆ, ಇನ್ನೊಂದು ಗೇಣು ಆಚೆಗೆ ಹೊಡೆಯೋಣ, ಇಲ್ಲಿ ಒಳಗಡೆ’ ಎಂದು ಶುರು ಮಾಡಿದ್ದೆ. ಒಳಗಡೆ ಏನು ಎಂದು ಹೇಳಲು ನಾನು ಬಿಡಲಿಲ್ಲ. ‘ಮೊಳೆ ಎಲ್ಲಿ ಹೊಡೀಬೇಕು ಅಂತ ನೀನು ನನಗೆ ಹೇಳಿಕೊಡಬೇಡ’ ಎಂದು ಮೂರೇ ಏಟಿಗೆ ಬಡಿದಿದ್ದೆ. ನಿನ್ನೆ ಇಂಗು ತಿಂದ ಮಂಗನ ಹಾಗೆ ನಿಂತಿದ್ದ ನಾನು ಕೊನೆಗೆ, ‘ನಾನೇ ಹೊಡೆದಿದ್ದು’ ಎಂದೆ. ಆಗೋಯ್ತು ಮೊದಲ ಸಲ ಆಗೋಯ್ತು ಎನ್ನಲಿಲ್ಲ.

ಪೈಪಿನ ಆ ತುಂಡು ಬದಲಾಯಿಸಿ ಆಯಿತು. ಮೀಟರಿನ ಚಕ್ರ ಈಗ ಕಲ್ಲಿನ ಹಾಗೆ ನಿಂತಿದೆ, ಹತ್ತು ಸಲ ಹೋಗಿ ನೋಡಿದ್ದೇನೆ. ನಿನ್ನ ಕೋಣೆಯ ಗೋಡೆ ಒಣಗಲು ಎರಡು ವಾರ ಬೇಕಂತೆ, ದಿನಾ ಕಿಟಕಿ ತೆರೆದಿಡುತ್ತೇನೆ. ಫೋಟೋದ ಹಿಂದಿನ ಸಾಲಿನಲ್ಲಿದ್ದ ಇಬ್ಬರು ಇಸ್ತ್ರಿಯವರು ತೇವಕ್ಕೆ ಮಸುಕಾಗಿ ಹೋಗಿದ್ದಾರೆ. ಹೋಗಲಿ, ಅವರು ಕೆಲಸದ ಹೊತ್ತಿನಲ್ಲೂ ಯಾರಿಗೂ ಕಾಣಿಸುತ್ತಿರಲಿಲ್ಲ. ನಿನ್ನೆ ಸಂಜೆ ಟೀಚರ ಮನೆಗೆ ಹೋಗಿ, ಗೋಡೆ ಒದ್ದೆ ಮಾಡಿದ್ದು ನನ್ನ ಸೊಸೆಯಲ್ಲ, ನಾನು ಎಂದು ಹೇಳಿ ಬಂದೆ. ನಿನ್ನ ಬಗ್ಗೆ ಅವರ ಮುಂದೆಯೂ ಅದೇ ಮಾತು ಆಡಿದ್ದೆನಲ್ಲ, ಅದನ್ನು ಅಲ್ಲೇ ವಾಪಸ್ ತೆಗೆದುಕೊಳ್ಳಬೇಕಿತ್ತು. ಹೂಕುಂಡಗಳನ್ನೂ ಕೇಳಿದೆ. ಒಂಬತ್ತು ಕೊಟ್ಟರು. ಎರಡು ಹೂ ಬಿಟ್ಟಿವೆ, ಕೊಡುವುದಿಲ್ಲ ಎಂದು ಮಗುವಿನ ಹಾಗೆ ಹಟ ಹಿಡಿದಿದ್ದಾರೆ, ಅದನ್ನು ನೀನೇ ಬಂದು ಬಗೆಹರಿಸಿಕೋ. ಒಂಬತ್ತೂ ಈಗ ಕಿಟಕಿಯ ಕಟ್ಟೆಯ ಮೇಲಿವೆ. ಎಷ್ಟು ನೀರು ಹಾಕಬೇಕೋ ತಿಳಿಯದೆ ನಾನು ಸುರಿದದ್ದು ನೆಲದ ಮೇಲೆಲ್ಲ ಹರಿಯಿತು. ಹರಿಯಲಿ ಎಂದು ಬಿಟ್ಟೆ.

ಸೋಮವಾರ ಆಫೀಸಿಗೆ ಏನು ಉತ್ತರ ಕೊಡುತ್ತೀಯೋ ಅದು ನಿನ್ನಿಷ್ಟ. ಕೆಲಸ ಅಲ್ಲಿ ಚೆನ್ನಾಗಿದ್ದರೆ ಇರು, ನಾನು ಅಡ್ಡ ಬರುವುದಿಲ್ಲ. ಆದರೆ ಈ ಮನೆಯನ್ನು ಒದ್ದೆ ಮಾಡಿದವಳು ಎಂಬ ಮಾತನ್ನು ಹೊತ್ತುಕೊಂಡು ಮಾತ್ರ ಇರಬೇಡ. ಆ ಮಾತು ಸುಳ್ಳು, ಅಷ್ಟೇ ಅಲ್ಲ, ಅದು ನಿಜವಾಗಿದ್ದರೂ ಆಡಬಾರದ ಮಾತು. ನೀನಿಲ್ಲದ ಹನ್ನೊಂದು ವಾರದಲ್ಲಿ ಮನೆಯಲ್ಲಿ ನನಗೆ ಎದುರು ಹೇಳಲು ಯಾರೂ ಇಲ್ಲ, ನಾನು ಹೇಳಿದ್ದಕ್ಕೆಲ್ಲ ನಿನ್ನ ಗಂಡ ಹೂಂ ಎನ್ನುತ್ತಾನೆ, ಬೇಜಾರು ಹಿಡಿದುಹೋಗಿದೆ. ಹೊತ್ತು ಹೊತ್ತಿಗೆ ಉಣ್ಣು, ಕತ್ತು ನೆಟ್ಟಗಿಟ್ಟುಕೊಂಡು ಕೂರು. ಎಲ್ಲಿದ್ದರೂ ನೀನು ಸುಖವಾಗಿರಬೇಕು, ನನ್ನ ತುಂಬು ಮನಸ್ಸಿನ ಹಾರೈಕೆ ನಿನ್ನ ಜೊತೆಗಿದೆ.

ಇಂತು ನಿನ್ನ
ಅತ್ತೆ

ಮತ್ತೊಂದು ಮಾತು: ಲಕೋಟೆಗೆ ಅಂಟು ಹಾಕಿದ ಮೇಲೆ ಮತ್ತೆ ಬಿಚ್ಚಿ ಇದನ್ನು ಬರೆಯುತ್ತಿದ್ದೇನೆ, ಅಂಚು ಹರಿದಿದ್ದಕ್ಕೆ ನಿನ್ನ ಗಂಡನನ್ನು ಬಯ್ಯಬೇಡ. ಗೋಡೆ ಕೆದಕಿದ ಧೂಳು ಅಡುಗೆಮನೆಗೂ ಹಾರಿತ್ತು, ಈಗ ತಟ್ಟೆಗಳ ಕಪಾಟು ತೊಳೆಯಲು ಹೋಗಿ ಕೆಳಗೆ ಹಾಸಿದ್ದ ಕಾಗದ ಎತ್ತಿದೆ. ನೀನು ಎರಡು ದಿನ ಹುಡುಕಿದ ನಕ್ಷೆ. ದಪ್ಪ ಕಾಗದ, ಹಿಂಬದಿ ಬೆಳ್ಳಗಿದೆ ಎಂದು ನಾನೇ ಮಗುಚಿ ಹಾಸಿದ್ದೆ. ಗೋಡೆ, ಪೈಪು, ಬಾಗಿಲಿನಿಂದ ಅಳತೆ, ಎಲ್ಲ ಇದೆ. ಆ ಜಾಗಕ್ಕೆ ಕೆಂಪು ಪೆನ್ಸಿಲಿನಲ್ಲಿ ಸುತ್ತು ಹಾಕಿ ‘ಅತ್ತೆಗೆ ಹೇಳಬೇಕು, ಇಲ್ಲಿ ಮೊಳೆ ಬೇಡ’ ಎಂದು ಬರೆದಿದ್ದೀ. ನಿನಗೆ ಎಲ್ಲ ಗೊತ್ತಿತ್ತು, ನಾನು ಹೇಳಲು ಬಿಡಲಿಲ್ಲ. ತಪ್ಪಾಯಿತು, ಮಗಳೇ. ಫೋಟೋ ಬಾಗಿಲ ಹಿಂದೆ ಗೋಡೆಗೆ ಮುಖ ಮಾಡಿ ನಿಂತಿದೆ. ಹೊಸ ಮೊಳೆ, ಸುತ್ತಿಗೆ, ನಿನ್ನ ಕೆಂಪು ಪೆನ್ಸಿಲು ಮೂರನ್ನೂ ಮೇಜಿನ ಮೇಲಿಟ್ಟಿದ್ದೇನೆ. ನೀನು ಬಂದು ಗುರುತು ಹಾಕುವವರೆಗೂ ಈ ಮನೆಯ ಯಾವ ಗೋಡೆಗೂ ನಾನು ಮೊಳೆ ಹೊಡೆಯುವುದಿಲ್ಲ.